ಹೌದ್ರಿ, ನಾನು ಹಿಪ್ಪಿ. ಆದ್ರ ಅರ್ಧ ಮಾತ್ರ



ಹೊಲದ ಟಿಪ್ಪಣಿ ಬರೆದು ತಿಂಗಳ ಮೇಲಾಯಿತು. ಕಾಲುವೆಗೆ ನೀರು ಬಂದ ಮೇಲೆ ಸಸಿ ಮಡಿ, ಸೆಣಬು ಕೆಸರಿಗೆ ತುಳಿಯೋದು, ನಾಟಿ ಅಂತ ಕೈ ಬಿಡುವೇ ಸಿಗಲಿಲ್ಲ. ನಾಟಿ ಮುಗಿದು ಈಗ ಹನ್ನೆರಡು ದಿನ. ಸಸಿ ಬೇರು ಹಿಡಿದು ಹಸಿರು ತಿರುಗಿದೆ. ಇವತ್ತು ನೆಲ್ಲಿನ ವಿಷಯ ಸ್ವಲ್ಪ ಬದಿಗಿಟ್ಟು ಬೇರೆ ಒಂದು ಬರೀತೀನಿ. ಅದೂ ಹೊಲಕ್ಕೆ ಸಂಬಂಧ ಇರೋದೇ.

ನಾಟಿಗೆ ಮುಂಚೆ ಮಗಳನ್ನು ನೋಡಾಕ ಸಿಂಧನೂರು ಕಡೆಯಿಂದ ಬಂದಿದ್ದರು. ನೀರಾವರಿ ಮನೆತನ, ಹುಡುಗನೂ ಓದಿದವ. ಉಪ್ಪಿಟ್ಟು, ಶಿರಾ, ಚಹಾ ಎಲ್ಲ ಆಯಿತು. ಹುಡುಗನ ದೊಡ್ಡಪ್ಪ ಕಾಲು ಆಡಿಸಿಕೊಂಡು ಬರ್ತೀನಿ ಅಂತ ಹೊಲಕ್ಕೆ ಹೋದರು. ಬದುವಿನ ಮೇಲೆ ಹುಲ್ಲು, ಬಾಳೆ ಬುಡಕ್ಕೆ ಒಣ ಎಲೆ, ನೆಲ್ಲಿನ ಗದ್ದೆಗೆ ಹಾಕಲು ಬೆಳೆಸಿದ ಎದೆ ಮಟ್ಟದ ಸೆಣಬು ನೋಡಿ ಬಂದು, "ಹೊಲಾ ಯಾಕ ಹಿಂಗ ಬಿಟ್ಟೀರಿ?" ಅಂದರು. ನಾನು ಬಿಡಿಸಿ ಹೇಳಿದೆ. ತಲೆ ಆಡಿಸಿದರು. ಮೂರು ದಿನದ ಮೇಲೆ ನಡುವಿನವರ ಫೋನ್ ಬಂತು. "ಹುಡುಗಿ ಚಲೋ ಅದಾಳ. ಆದ್ರ ಅಪ್ಪ ಹಿಪ್ಪಿ ಆಗ್ಯಾನಂತ ಊರಾಗ ಹೇಳಿದ್ರಂತ. ನಾಳೆ ಹೊಲಾ ಮನಿ ಬಿಟ್ಟು ಎದ್ದು ಹೋದ್ರ ಯಾರು ನೋಡವ್ರು ಅಂತಾರ."

ಸಂಬಂಧ ಅಲ್ಲಿಗೇ ನಿಂತಿತು.

ನನಗೆ ಈ ಹೆಸರು ಬಿದ್ದು ಹತ್ತು ವರ್ಷದ ಮೇಲಾಯಿತು. ಯೂರಿಯಾ, ಎಣ್ಣೆ ಬಿಟ್ಟ ವರ್ಷವೇ ಗೊಬ್ಬರದ ಅಂಗಡಿ ಕಟ್ಟೆಯ ಮೇಲೆ ಯಾರೋ, "ಬಂದ ನೋಡ್ರಿ ಆನೆಗೊಂದಿ ಹಿಪ್ಪಿ" ಅಂದರು. ಗಡ್ಡ ಬೇರೆ ಇತ್ತು, ಬೈಕ್ ಮಾರಿ ಸೈಕಲ್ ಹಿಡಿದಿದ್ದೆ, ಸರಿ ಹೊಂದಿತು. ನಾನು ನಕ್ಕು ಬಿಟ್ಟಿದ್ದೆ. ಈ ಸಲ ಮಗಳ ಬಾಳಿನ ಹತ್ತಿರ ಬಂದಾಗ ನಗು ಬರಲಿಲ್ಲ. ಎರಡು ರಾತ್ರಿ ನಿದ್ದೆ ಇಲ್ಲ. ಹಂಗಾದ್ರ ಈ ಹಿಪ್ಪಿ ಅಂದ್ರ ಏನು, ನಾನು ಹೌದೋ ಅಲ್ಲೋ, ಒಮ್ಮೆ ನೋಡೇಬಿಡೋಣ ಅಂತ ಕುಂತೆ.

ನಮ್ಮ ಭಾಗದವರಿಗೆ ಹಿಪ್ಪಿ ಹೊಸ ಮಾತಲ್ಲ. ಹೊಳೆಯ ಆ ದಂಡೆಗೆ ಹಂಪಿ, ಈ ದಂಡೆಗೆ ನಾವು. ನಾನು ಸಣ್ಣವನಿದ್ದಾಗ ಹರಿಗೋಲಿನಲ್ಲಿ ದಾಟಿ ಬರುತ್ತಿದ್ದರು. ಉದ್ದ ಕೂದಲು, ಕೊರಳಲ್ಲಿ ರುದ್ರಾಕ್ಷಿ, ಬರಿಗಾಲು. ಸಾಲಿಯೊಳಗೆ ನಮ್ಮ ಕೂದಲು ಕಿವಿ ದಾಟಿದರೆ ಮಾಸ್ತರು ಜುಟ್ಟು ಹಿಡಿದು, "ಏನಲೇ, ಹಿಪ್ಪಿ ಆಗೀಯೇನು?" ಅಂತ ಬಾರಿಸುತ್ತಿದ್ದರು. ಕ್ಷೌರದ ಅಂಗಡಿಯಲ್ಲಿ ಹಿಪ್ಪಿ ಕಟಿಂಗ್ ಅಂತಲೇ ಒಂದು ಇತ್ತು. ಆಮೇಲೆ ವಿರೂಪಾಪುರ ಗಡ್ಡಿಯಲ್ಲಿ ನೆಲ್ಲಿನ ಗದ್ದೆ ನಡುವೆ ಗುಡಿಸಲು ಎದ್ದವು, ಗುಡಿಸಲು ಹೋಗಿ ರೆಸಾರ್ಟ್ ಆದವು, ಅದಕ್ಕೆ ಹಿಪ್ಪಿ ಐಲ್ಯಾಂಡ್ ಅಂತಲೇ ಹೆಸರಾಯಿತು. ಕೋರ್ಟಿನ ತೀರ್ಪಿನ ಮೇಲೆ 2020ರ ಮಾರ್ಚ್‌ನಲ್ಲಿ ಅವನ್ನೆಲ್ಲ ಕೆಡವಿದರು. ಗಾಂಜಾ ಸೇದೋದು, ರಾತ್ರಿಯೆಲ್ಲ ಕುಣಿಯೋದು, ಹೊಳೆ ದಂಡೆಗೆ ಬಾಟಲಿ ಬಿಸಾಡೋದು, ನಮ್ಮ ಹುಡುಗರೂ ಅದರಲ್ಲಿ ಕೆಟ್ಟಿದ್ದು, ಇದನ್ನೆಲ್ಲ ಕಣ್ಣಾರೆ ಕಂಡಿದ್ದೇನೆ. ಅದನ್ನು ಮುಚ್ಚಿಟ್ಟು ಹಿಪ್ಪಿಗಳು ದೇವರಂಥವರು ಅಂತ ಬರೆದರೆ ನೀವೇ ಬೈತೀರಿ.

ಆದರೆ ನನಗೆ ನೆನಪಿರೋ ಮೊದಲ ಹಿಪ್ಪಿ ಬೇರೆ. ಆಗ ನಾನು ನಾಲ್ಕನೇತ್ತೆಯೋ ಐದನೇತ್ತೆಯೋ. ಬೇಸಿಗೆಯಲ್ಲಿ ಒಬ್ಬ ಬಿಳಿಯ ಹುಡುಗ ಊರಿಗೆ ಬಂದ. ನೇರ ಕೇರಿಗೆ ಹೋಗಿ, ನಮ್ಮ ಹೊಲದಲ್ಲಿ ಆಳಾಗಿದ್ದವರ ಗುಡಿಸಲಿನಲ್ಲಿ ಕುಂತು ರೊಟ್ಟಿ, ಖಾರ ತಿಂದ. ಕೈ ತೊಳೆದು, ಅವರ ಮಕ್ಕಳ ಜೊತೆ ಆಡಿ, ಅದೇ ಕಾಲಲ್ಲಿ ನಮ್ಮ ಮನೆ ಬಾಗಿಲಿಗೆ ಬಂದು ನೀರು ಕೇಳಿದ. ನಮ್ಮ ಅಜ್ಜಿ ತಂಬಿಗೆ ಕೊಡಲಿಲ್ಲ. ಮೇಲಿನಿಂದ ಸುರಿದಳು, ಅವ ಬೊಗಸೆ ಹಿಡಿದು ಕುಡಿದ. ಅವನಿಗೆ ಅದು ಯಾಕೆ ಅಂತ ತಿಳಿಯಲಿಲ್ಲ. ನಗುತ್ತಾ ಕೈ ಮುಗಿದು ಹೋದ. ನನಗೆ ತಿಳಿಯಿತು. ಆ ಗುಡಿಸಲಿನವರು ದಿನಾ ಹಂಗೇ ಕುಡೀತಿದ್ದರು, ಅದನ್ನು ಅವತ್ತಿನವರೆಗೂ ನಾನು ನೋಡಿಯೂ ನೋಡಿರಲಿಲ್ಲ.

ಈಗ ಮಗಳು ಮೊಬೈಲಿನಲ್ಲಿ ಹುಡುಕಿ ಕೊಟ್ಟಳು, ನಾನೂ ಕನ್ನಡಕ ಹಾಕಿಕೊಂಡು ಓದಿದೆ. ಹಿಪ್ಪಿ ಅನ್ನೋದು ಅವರು ತಾವಾಗಿ ಇಟ್ಟುಕೊಂಡ ಹೆಸರಲ್ಲ, 1965ರ ಹೊತ್ತಿಗೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಪತ್ರಿಕೆಗಳವರು ಬಳಕೆಗೆ ತಂದ ಹೆಸರು. ವಿಯೆಟ್ನಾಂ ಯುದ್ಧಕ್ಕೆ ಹೋಗಲ್ಲ, ದೊಡ್ಡ ಮನೆ ದೊಡ್ಡ ಕಾರಿಗಾಗಿ ಜೀವ ತೇಯಲ್ಲ ಅಂದ ಹುಡುಗ ಹುಡುಗಿಯರಿಗೆ ಅಂಟಿಸಿದ್ದು. 1967ರಲ್ಲಿ ಅಲ್ಲಿಗೆ ಜನ ಜಾತ್ರೆಯಂತೆ ಬಂದಾಗ, ವ್ಯಾಪಾರದವರು ಮಣಿಸರ, ಅಂಗಿ ಮಾರಲು ಶುರು ಮಾಡಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಲ್ಲಿನವರೇ ಹಿಪ್ಪಿ ಸತ್ತ ಅಂತ ಸುಳ್ಳು ಹೆಣ ಹೊತ್ತು ಮೆರವಣಿಗೆ ಮಾಡಿದರಂತೆ. ಹೆಸರು ಮಾರಾಟದ ಮಾಲು ಆಯಿತು ಅನ್ನೋ ಸಿಟ್ಟು. ನಮ್ಮ ಸಾವಯವ ಅನ್ನೋ ಪದಕ್ಕೂ ಈಗ ಅದೇ ಗತಿ ಬಂದಿದೆ ನೋಡ್ರಿ. ಪ್ಯಾಕೆಟ್ ಮೇಲೆ ಹಸಿರು ಎಲೆಯ ಚಿತ್ರ ಇದ್ದರೆ ಸಾಕು.

ಆ ಊರಿನಲ್ಲೇ ಡಿಗ್ಗರ್ಸ್ ಅಂತ ಒಂದು ಗುಂಪು. 1966ರಿಂದ ಪಾರ್ಕಿನಲ್ಲಿ ದಿನಾ ಪುಕ್ಕಟೆ ಊಟ ಹಾಕುತ್ತಿದ್ದರು, ಯಾರು ಏನು ಅಂತ ಕೇಳದೆ. ಡಿಗ್ಗರ್ ಅಂದರೆ ಅಗೆಯುವವ. ಆ ಹೆಸರು ಅವರಿಗೆ ಬಂದದ್ದು ಇಂಗ್ಲೆಂಡಿನ ಬಡ ಒಕ್ಕಲುಗಳಿಂದ. 1649ರಲ್ಲಿ ಜೆರಾರ್ಡ್ ವಿನ್‌ಸ್ಟ್ಯಾನ್ಲಿ ಅನ್ನುವವನ ಜೊತೆ ಒಂದಷ್ಟು ಜನ, ಭೂಮಿ ಎಲ್ಲರದು ಅಂತ ಹೇಳಿ ಒಂದು ಪಾಳು ಗುಡ್ಡ ಅಗೆದು ಗಜ್ಜರಿ, ಅವರೆ ಬಿತ್ತಿದರು. ಜಮೀನುದಾರರು ವರ್ಷದ ಆಸುಪಾಸಿನಲ್ಲೇ ಹೊಡೆದು ಓಡಿಸಿದರು. ಇದನ್ನು ಓದಿದಾಗ ನನಗೆ ಹಿಪ್ಪಿ ಅನ್ನೋ ಬೈಗುಳ ಅರ್ಧ ಹಗುರಾಯಿತು. ಆ ಪದದ ಹಿಂದೆ ಗಾಂಜಾ ಒಂದೇ ಇಲ್ಲ, ಸಲಿಕೆನೂ ಇದೆ.

ಇನ್ನೊಬ್ಬರ ಕಥೆ ಹೇಳಬೇಕು, ಯಾಕಂದರೆ ಅವರು ನಮ್ಮಂಥ ರೈತರು. ಮ್ಯಾಕ್ಸ್ ಯಾಸ್ಗರ್ ಅಂತ, ನ್ಯೂಯಾರ್ಕ್ ರಾಜ್ಯದಲ್ಲಿ ಹೈನುಗಾರಿಕೆ ಮಾಡುತ್ತಿದ್ದವರು. 1969ರ ಆಗಸ್ಟ್‌ನಲ್ಲಿ ವುಡ್‌ಸ್ಟಾಕ್ ಸಂಗೀತದ ಜಾತ್ರೆಗೆ ಬೇರೆ ಎಲ್ಲೂ ಜಾಗ ಸಿಗದಿದ್ದಾಗ ತಮ್ಮ ಮೇವಿನ ಹೊಲ ಬಾಡಿಗೆಗೆ ಕೊಟ್ಟವರು. ಸುಮಾರು 4 ಲಕ್ಷ ಜನ ಬಂದರು. ಊರವರು ಇವರ ಹಾಲು ಕೊಳ್ಳಬೇಡಿ ಅಂತ ಬೋರ್ಡ್ ಹಾಕಿದರು, ಆಮೇಲೆ ನೆರೆಹೊರೆಯವರು ಕೋರ್ಟಿಗೂ ಎಳೆದರು. ಯಾಸ್ಗರ್ ಹಿಪ್ಪಿ ಅಲ್ಲ. ಆ ಹುಡುಗರು ಬೇಡ ಅನ್ನುತ್ತಿದ್ದ ಯುದ್ಧವನ್ನು ಬೇಕು ಅನ್ನುತ್ತಿದ್ದವರ ಪಕ್ಷದವರು. ಆದರೂ ತಮಗೆ ಒಪ್ಪದ ಹುಡುಗರಿಗೂ ಸೇರುವ ಹಕ್ಕಿದೆ ಅಂದರು. ಊರು ಹಾಲು ನಿಲ್ಲಿಸಿದರೂ ಮಾತು ನಿಲ್ಲಿಸದ ಆ ಮನುಷ್ಯ ನನಗೆ ಹಾಡಿದವರಿಗಿಂತ ದೊಡ್ಡವರು ಅನಿಸಿದರು.

ಇನ್ನು ನಾನು ಮಾಡೋ ಬೇಸಾಯಕ್ಕೆ ಬರೋಣ. ಇದು ನಮ್ಮಜ್ಜನಿಂದ ಬಂತು ಅಂತ ಹೇಳಿಕೊಳ್ಳೋಕೆ ನನಗೂ ಆಸೆ. ಆದರೆ ನಿಜ ಅಷ್ಟು ಸರಳ ಇಲ್ಲ. ಅಪ್ಪನ ಕಾಲಕ್ಕೇ ತುಂಗಭದ್ರಾ ನೀರಾವರಿ ಭಾಗ ಪೂರ್ತಿ ಯೂರಿಯಾ, ಡಿಎಪಿಗೆ ಹೊರಳಿತ್ತು. ನನ್ನ ಕಣ್ಣು ತೆರೆಸಿದ್ದು ಜಪಾನಿನ ಫುಕುವೋಕಾ. ಅವರ ಗುಡ್ಡದ ತೋಟದಲ್ಲಿ ಕರೆಂಟು, ನಲ್ಲಿ ಇಲ್ಲದ ಗುಡಿಸಲುಗಳಲ್ಲಿ ಇದ್ದು ದುಡಿದ ಹುಡುಗರಲ್ಲಿ ಲ್ಯಾರಿ ಕಾರ್ನ್ ಅನ್ನೋ ಅಮೆರಿಕದ ಯುವಕ ಒಬ್ಬ. ಅವರ ಪುಸ್ತಕ 1978ರಲ್ಲಿ ಇಂಗ್ಲಿಷ್‌ಗೆ ಬಂದದ್ದರ ಹಿಂದೆ ಅವನ ದುಡಿಮೆ ಇದೆ. ಅದನ್ನು ಓದಿ ದೊಡ್ಡಬಳ್ಳಾಪುರದ ನಾರಾಯಣ ರೆಡ್ಡಿಯವರು ರಾಸಾಯನಿಕ ಬಿಟ್ಟರು, ಸಾವಿರಾರು ರೈತರಿಗೆ ಕಲಿಸಿದರು. ತೇಜಸ್ವಿಯವರು ಸಹಜ ಕೃಷಿ ಅಂತ ಕನ್ನಡದಲ್ಲಿ ಬರೆದರು, ಎಸ್ಸೆಸ್ಸೆಲ್ಸಿ ಓದಿದ ನನಗೂ ಮುಟ್ಟಿತು. ಅಂದರೆ ನನ್ನ ಬಾಳೆ ಬುಡದ ಒಣ ಎಲೆ ಇಲ್ಲಿಗೆ ಬರಲು, ಓದು, ನೌಕರಿ ಬಿಟ್ಟು ಮಣ್ಣು ಹುಡುಕಿಕೊಂಡು ಹೊರಟ ಆ ಕಾಲದ ಹುಡುಗರ ಕೈಯೂ ಬೇಕಾಯಿತು. ಹಂಗಿದ್ದ ಮೇಲೆ ಯಾರಾದರೂ ಹಿಪ್ಪಿ ಅಂದರೆ ನಾನು ಅಲ್ಲ ಅನ್ನೋದು ಕೃತಘ್ನತನ ಆದೀತು.

ಲೆಕ್ಕನೂ ಹೇಳಿಬಿಡ್ತೀನಿ. ಒಟ್ಟು ಮೂರು ಎಕರೆ ಹತ್ತು ಗುಂಟೆ. ಒಂದೂವರೆ ಎಕರೆ ನೆಲ್ಲು, ಒಂದು ಎಕರೆ ಬಾಳೆ, ಉಳಿದದ್ದು ತೆಂಗು, ನುಗ್ಗೆ, ಕರಿಬೇವು, ಎರಡು ಆಕಳು. ಪಕ್ಕದ ಹೊಲದವರಿಗೆ ಎಕರೆಗೆ 75 ಕಿಲೋದ ಚೀಲ 36 ಬರ್ತದೆ, ಒಳ್ಳೆ ವರ್ಷ 40. ನನಗೆ ಮೊದಲ ವರ್ಷ 15 ಬಂತು. ಊರು ನಕ್ಕಿತು, ಮನೆಯಾಕಿ ಅತ್ತಳು. ಈಗ 26ರ ಹತ್ತಿರ ನಿಂತಿದೆ, ಮೇಲೆ ಏರಿಲ್ಲ. ಚೀಲ ಎಣಿಸಿದರೆ ನಾನು ಸೋತವ. ಆದರೆ ದಲಾಲಿ ಅಂಗಡಿಯಲ್ಲಿ 2 ಲಕ್ಷ 80 ಸಾವಿರ ಬಾಕಿ ಇತ್ತು, ಪ್ರತಿ ಸುಗ್ಗಿಗೆ ನೆಲ್ಲು ಅವರ ಮನೆಗೇ ಹೋಗುತ್ತಿತ್ತು, ರೇಟೂ ಅವರದೇ. ಅದು ಆರು ವರ್ಷದಲ್ಲಿ ತೀರಿತು. ಈಗ ನನ್ನ ಅಕ್ಕಿ ಗಂಗಾವತಿ, ಹೊಸಪೇಟೆಯ ಮನೆಗಳಿಗೆ ನೇರ ಹೋಗ್ತದೆ. ಸಾಲ ಎಣಿಸಿದರೆ ಗೆದ್ದವ. ಎಲ್ಲರೂ ಹೀಗೆ ಮಾಡಿರಿ ಅಂತ ನಾನು ಹೇಳಲ್ಲ. ಹದಿನೈದು ಎಕರೆ ಲಾವಣಿ ಮಾಡಿದವ ಒಂದೇ ವರ್ಷದಲ್ಲಿ ಹೊರಳಿದರೆ ಮುಳುಗಿ ಹೋಗ್ತಾನೆ.

ಇಷ್ಟೆಲ್ಲ ಓದಿ, ಲೆಕ್ಕ ಹಾಕಿ, ಒಂದು ರಾತ್ರಿ ಊಟಕ್ಕೆ ಕುಂತಾಗ ಎದೆ ಉಬ್ಬಿಸಿ ಹೇಳಿದೆ. "ಹೌದು, ನಾನು ಹಿಪ್ಪಿನ. ಇನ್ನ ಮ್ಯಾಲೆ ಯಾರು ಕೇಳಿದ್ರೂ ಹಂಗ ಹೇಳ್ತೀನಿ." ಈ ಸಂಬಂಧ ಹೋದರೆ ಹೋಗಲಿ, ಇದಕ್ಕಿಂತ ದೊಡ್ಡ ಮನೆತನ ನೋಡಿ, ಗಂಗಾವತಿಯಲ್ಲಿ ಕಲ್ಯಾಣ ಮಂಟಪ ಹಿಡಿದು, ಊರೇ ನೋಡೋ ಹಂಗೆ ಮದುವೆ ಮಾಡ್ತೀನಿ, ಬೇಕಾದರೆ ಹೊಲದ ಮೇಲೆ 8 ಲಕ್ಷ ತೆಗೀತೀನಿ ಅಂದೆ.

ಮಗಳು ತಟ್ಟೆ ಕೆಳಗಿಟ್ಟಳು. "ಅಪ್ಪಾ, ಗೊಬ್ಬರಕ್ಕ ಸಾಲ ಮಾಡಬಾರದು ಅಂತ ಊರಿಗೆಲ್ಲ ಹೇಳ್ತೀರಿ. ನನ್ನ ಮದುವಿಗೆ ಮಾತ್ರ ಮಾಡ್ತೀರಿ. ಹಂಗಾದ್ರ ನೀವು ಯಾವ ಸೀಮಿ ಹಿಪ್ಪಿ?"

ನಾನು ಉತ್ತರ ಹುಡುಕುವಷ್ಟರಲ್ಲಿ ನಮ್ಮ ಮನೆಯಾಕಿ ಒಲೆ ಮುಂದಿನಿಂದಲೇ ಅಂದಳು, "ಹಿಪ್ಪಿ ಇವರು, ಕಳೆ ಕೀಳೂದು ನಾನು."

ಇಬ್ಬರ ಮಾತೂ ನೆತ್ತಿಗೆ ಹತ್ತಿತು. ಯಾಕಂದರೆ ಎರಡೂ ಖರೆ. ಕಳೆನಾಶಕ ಬಿಟ್ಟ ಹೆಸರು ನನಗೆ ಬಂತು. ಆ ಕಳೆ ಹೋದದ್ದು ಎಲ್ಲಿಗೆ? ಆಕಿಯ ಸೊಂಟಕ್ಕೆ ಹೋಯಿತು. ಜೀವಾಮೃತ ಕಲಸೋದು, ಸಗಣಿ ಹೊರೋದು, ಬೀಜ ಒಣಗಿಸಿ ಬೂದಿ ಹಾಕಿ ಗಡಿಗೆಯಲ್ಲಿ ಇಡೋದು, ಹೊಲ ನೋಡಾಕ ಬಂದವರಿಗೆ ರೊಟ್ಟಿ ಬಡಿಯೋದು ಎಲ್ಲ ಆಕಿನೇ. ಬಂದವರ ಮುಂದೆ ಕುರ್ಚಿ ಹಾಕಿಕೊಂಡು ಮಾತಾಡೋದು ನಾನು. ಇದು ನಮ್ಮ ಮನೆ ಒಂದರದೇ ಅಲ್ಲ. ಅಮೆರಿಕದ ಹಿಪ್ಪಿ ಕಮ್ಯೂನುಗಳಲ್ಲೂ ಗಂಡಸರು ಲೋಕ ಬದಲಾಯಿಸುವ ಮಾತಾಡುತ್ತಿದ್ದರೆ ಎಷ್ಟೋ ಕಡೆ ಅಡುಗೆ, ಪಾತ್ರೆ, ಮಕ್ಕಳು ಹೆಂಗಸರ ಪಾಲಿಗೇ ಬಿದ್ದಿದ್ದವು ಅಂತ ಓದಿದೆ.

ಸಾಲದ ಪಾಠನೂ ಅವರಲ್ಲೇ ಇದೆ. 1971ರಲ್ಲಿ ಸ್ಟೀಫನ್ ಗ್ಯಾಸ್ಕಿನ್ ಅನ್ನುವವರ ಹಿಂದೆ ಸ್ಯಾನ್ ಫ್ರಾನ್ಸಿಸ್ಕೋದಿಂದ ಬಸ್ಸುಗಳ ಸಾಲಿನಲ್ಲಿ ಹೊರಟ ಜನ ಟೆನೆಸ್ಸೀ ರಾಜ್ಯದಲ್ಲಿ ಜಮೀನು ಕೊಂಡು ದಿ ಫಾರ್ಮ್ ಅಂತ ಊರು ಕಟ್ಟಿದರು. ದುಡ್ಡು ಎಲ್ಲರದೂ ಒಂದೇ ಗಂಟು. ಸೋಯಾ ಬೆಳೆದರು, ಹೆರಿಗೆ ತಾವೇ ಮಾಡಿಸಿಕೊಂಡರು. ಸಾವಿರಕ್ಕೂ ಹೆಚ್ಚು ಜನ ಆದರು. ಕೊನೆಗೆ ಸಾಲ ಕೊರಳಿಗೆ ಬಂದು 1983ರಲ್ಲಿ ಒಂದೇ ಗಂಟಿನ ಪದ್ಧತಿ ಬಿಡಬೇಕಾಯಿತು, ಬಹಳ ಜನ ಎದ್ದು ಹೋದರು. ಉಳಿದವರು ಖರ್ಚು ಹಂಚಿಕೊಂಡು ನಿಂತರು, ಆ ಊರು ಇವತ್ತಿಗೂ ಇದೆ. ಅಷ್ಟು ಮನಸ್ಸು ಇದ್ದವರನ್ನೂ ಸಾಲ ಕೆಡವುತ್ತದೆ ಅಂದರೆ ನನ್ನಂಥವನದು ಯಾವ ಲೆಕ್ಕ?

ಹೀಗಾಗಿ ನನ್ನ ಅಭಿಪ್ರಾಯ ಇಷ್ಟು. ಸುಸ್ಥಿರ ಬದುಕು ಅಂತ ಈಗ ಸಭೆಗಳಲ್ಲಿ ಬಹಳ ಕೇಳ್ತೀವಿ. ಅದು ಹೊಲದ ಬದುವಿಗೆ ಬಂದು ನಿಂತರೆ ಸಾಲದು, ಹೊಸ್ತಿಲು ದಾಟಿ ಒಳಗೆ ಬರಬೇಕು. ಎಲ್ಲರೂ ಮಾಡ್ತಾರೆ ಅನ್ನೋ ಕಾರಣಕ್ಕೆ ಯೂರಿಯಾ ಹಾಕಲ್ಲ ಅನ್ನೋ ಧೈರ್ಯ ಇದ್ದವನಿಗೆ, ಎಲ್ಲರೂ ಮಾಡ್ತಾರೆ ಅನ್ನೋ ಕಾರಣಕ್ಕೆ ಸಾಲದ ಮದುವೆ ಮಾಡಲ್ಲ, ಹೆಣ್ಣಾಳಿಗೆ ಕಡಿಮೆ ಕೂಲಿ ಕೊಡಲ್ಲ, ಬೇರೆ ತಟ್ಟೆ ಇಡಲ್ಲ ಅನ್ನೋ ಧೈರ್ಯನೂ ಬೇಕು. ಮಣ್ಣಿಗೆ ವಿಷ ಬಿಟ್ಟು ಮನೆಯೊಳಗೆ ಹಳೇ ವಿಷ ಇಟ್ಟುಕೊಂಡವ ಅರ್ಧ ಹಿಪ್ಪಿ. ಕೂದಲು ಬಿಡೋದು ಸುಲಭದ ಅರ್ಧ, ಉಳಿದದ್ದು ಕಷ್ಟದ ಅರ್ಧ.

ಆ ಹುಡುಗನ ದೊಡ್ಡಪ್ಪ ಹೇಳಿದ್ದರಲ್ಲೂ ಒಂದು ಮಾತು ಸರಿ ಇತ್ತು, ಎದ್ದು ಹೋದ್ರ ಯಾರು ನೋಡವ್ರು ಅಂತ. ಹಿಪ್ಪಿಗಳ ದೊಡ್ಡ ಕೊರತೆ ಅದೇ. ಅವರಿಗೆ ಹಿಂದೆ ಹೋಗಲು ಒಂದು ಮನೆ ಇತ್ತು. ಬೇಸರ ಆದರೆ ವಿಮಾನ ಹತ್ತಬಹುದಿತ್ತು. ಬಡತನ ಅವರು ಆರಿಸಿಕೊಂಡದ್ದು, ನಮ್ಮ ಕೇರಿಯವರ ಮೇಲೆ ಬಿದ್ದದ್ದು. ನಮ್ಮ ಅಜ್ಜಿಯ ಕಾಲದ್ದು ಸರಳ ಜೀವನ ಅಂತ ಹೊಗಳುವವರು, ಆಕಿ ಬರಗಾಲದಲ್ಲಿ ಹುಣಸೆ ಬೀಜ ಹುರಿದು ತಿಂದದ್ದನ್ನೂ ನೆನಪಿಡಬೇಕು. ಅದಕ್ಕೇ ನಾನು ಹಿಪ್ಪಿಗಳಿಂದ ಬೇಡ ಅನ್ನೋದನ್ನು ಕಲೀತೀನಿ, ಹೊರಟು ಹೋಗೋದನ್ನು ಕಲಿಯಲ್ಲ. 2024ರ ಆಗಸ್ಟ್‌ನಲ್ಲಿ ಡ್ಯಾಮಿನ 19ನೇ ಗೇಟ್ ಕೊಚ್ಚಿ ಹೋದಾಗ ನೀರು ಹೋಗ್ತದೆ ಅಂತ ಎದೆ ಒಡೆದು ನಿಂತ ಜನ ನಾವು. ನಾವು ಎಲ್ಲಿಗೂ ಹೋಗುವವರಲ್ಲ. ಇಲ್ಲೇ ಇದ್ದು, ಇದೇ ಊರಿನ ನಗು ತಿಂದು, ಇದೇ ಊರಿನ ಹೆಣ ಹೊತ್ತು, ಬೇಡ ಅನ್ನೋದನ್ನು ಬೇಡ ಅನ್ನಬೇಕು.

ಈ ನಾಟಿಯಲ್ಲಿ ಮೂರು ಕೆಲಸ ಆಗಿವೆ. ಒಂದು, ಹೊಲದ ದಿನಗೂಲಿಗೆ ಗಂಡಾಳಿಗೆ 500, ಹೆಣ್ಣಾಳಿಗೆ 300 ಕೊಡುತ್ತಿದ್ದೆ. ಈಗ ಇಬ್ಬರಿಗೂ 500. "ರೇಟ್ ಕೆಡಿಸಾಕತ್ತೀಯಲ್ಲೋ" ಅಂತ ಆಜೂಬಾಜೂದವರು ಜಗಳಕ್ಕೆ ಬಂದರು. ಯಾಸ್ಗರ್ ನೆನಪಾದರು. ಎರಡು, ನಾಟಿ ಮುಗಿದ ದಿನದ ಹೋಳಿಗೆ ಊಟ ಯಾವಾಗಲೂ ಹೊಲದ ಬದುವಿನಲ್ಲಿ ಆಗುತ್ತಿತ್ತು. ಹೊಲದಲ್ಲಿ ಉಣ್ಣೋದು ಚಂದ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಈ ಸಲ ಎಲ್ಲರನ್ನೂ ಪಡಸಾಲೆಯಲ್ಲಿ ಒಂದೇ ಪಂಕ್ತಿಗೆ ಕೂಡಿಸಿದೆವು. ಹಿಂದೆ ಆ ಗುಡಿಸಲಿನಲ್ಲಿ ರೊಟ್ಟಿ ಕೊಟ್ಟವಳ ಮೊಮ್ಮಗಳೂ ಇದ್ದಳು. ನೀರಿನ ತಂಬಿಗೆ ಕೈಯಿಂದ ಕೈಗೆ ಹೋಯಿತು. ನನಗೆ ಐವತ್ತು ದಾಟಿದ ಮೇಲೆ ಇದಾಯಿತು ಅನ್ನೋದು ಹೆಮ್ಮೆ ಅಲ್ಲ, ನಾಚಿಕೆ. ಮೂರು, ಪಹಣಿಯಲ್ಲಿ ಮನೆಯಾಕಿಯ ಹೆಸರನ್ನೂ ಜಂಟಿಯಾಗಿ ಸೇರಿಸಲು ಅರ್ಜಿ ಹಾಕಿದ್ದೇನೆ. ಕೋನೋ ವೀಡರ್ ಒಂದು ತಂದೆ, ಈಗ ಬೆಳಿಗ್ಗೆ ಎರಡು ತಾಸು ಅದನ್ನು ತಳ್ಳೋದು ನಾನು. ಭುಜ ನೋಯುತ್ತಿದೆ, ಹೇಳೋ ಹಂಗಿಲ್ಲ.

ಮದುವೆಯ ಮಾತು ಇನ್ನೂ ಮುಗಿದಿಲ್ಲ. ಸಾಲ ಬೇಡ, ಮನೆ ಮುಂದೆ ಹಂದರ ಹಾಕಿ ಮಾಡಿರಿ, ಅದಕ್ಕೆ ಒಪ್ಪೋ ಮನೆ ಸಿಗುವವರೆಗೂ ಕಾಯ್ತೀನಿ ಅಂತ ಮಗಳು ಅಂದಳು. ಮನೆಯಾಕಿಗೆ ಅರ್ಧ ಮನಸ್ಸು, ಅರ್ಧ ಭಯ. ನನಗೂ ಭಯ ಇದೆ, ಸುಳ್ಳು ಯಾಕೆ ಹೇಳಲಿ. ತನ್ನ ಹೊಲದ ಮೇಲೆ ಪ್ರಯೋಗ ಮಾಡೋದು ಬೇರೆ, ಮಗಳ ಬಾಳಿನ ಮೇಲೆ ಮಾಡೋದು ಬೇರೆ. ಆದರೆ ಈ ಸಲ ಪ್ರಯೋಗ ಮಾಡ್ತಿರೋದು ನಾನಲ್ಲ, ಆಕಿನೇ.

ನಿನ್ನೆ ಇನ್ನೊಬ್ಬರು ಫೋನ್ ಮಾಡಿದ್ದರು, ಕುಷ್ಟಗಿ ಕಡೆಯವರು. ಮೊದಲೇ ಹೇಳಿಬಿಟ್ಟೆ. "ನೋಡ್ರಿ, ಊರಾಗ ನನಗ ಹಿಪ್ಪಿ ಅಂತಾರ. ಹೌದು. ಎಲ್ಲಿಗೂ ಹೋಗೂದಿಲ್ಲ. ಬರೂದಾದ್ರ ಬರ್ರಿ, ಹೊಲಾ ತೋರಿಸ್ತೀನಿ." ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಬರ್ತೀವಿ ಬಿಡ್ರಿ, ನಮ್ಮ ದಾಳಿಂಬರಿ ತ್ವಾಟನೂ ಎಣ್ಣಿ ಹೊಡದ್ ಹೊಡದ್ ಸುಟ್ಟು ಹೋಗೇತಿ" ಅಂದರು.

ಬಂದರೆ ಬರೀತೀನಿ. ಮುಂದಿನ ಟಿಪ್ಪಣಿಯಲ್ಲಿ ಕೋನೋ ವೀಡರ್ ತಳ್ಳುವಾಗ ಗದ್ದೆಯಲ್ಲಿ ನೀರು ಎಷ್ಟಿರಬೇಕು ಅನ್ನೋದನ್ನು ಹೇಳ್ತೀನಿ. ಮೊದಲ ದಿನ ಹೆಚ್ಚು ನೀರು ಇಟ್ಟು ಕೆಟ್ಟೆ.

ಶರಣ್ರಿ.